ತೇಪೆ ಹಾಕಿದ ಕೊಡ

ನಾಟಕ ಮತ್ತು ಕಿರುಚಿತ್ರಗಳಿಗೆ ಪ್ರಾಪರ್ಟಿ, ಅಂದರೆ ಪಾತ್ರಗಳು ಬಳಸುವ ಸಾಮಾನು, ಮಾಡಿಕೊಡುವುದು ನನ್ನ ಕೆಲಸ. ಈ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು 1995ರ ‘ವಾಟರ್‌ವರ್ಲ್ಡ್’. ಮಂಜುಗಡ್ಡೆ ಕರಗಿ ನೆಲವೆಲ್ಲ ಮುಳುಗಿಹೋದ ಲೋಕದ ಹಾಲಿವುಡ್ ಸಿನಿಮಾ ಅದು. ಅದರ ತಪ್ಪುಗಳು ನನಗೂ ಕಾಣುತ್ತವೆ. ಭೂಮಿಯ ಮೇಲಿನ ಮಂಜುಗಡ್ಡೆಯೆಲ್ಲ ಕರಗಿದರೂ ಸಮುದ್ರ ಏರುವುದು ಸುಮಾರು 70 ಮೀಟರ್ ಅಷ್ಟೇ. ನೆಲವೆಲ್ಲ ಮುಳುಗುವಷ್ಟು ನೀರು ಎಲ್ಲಿಂದ ಬರಬೇಕು? ಖಳನ ಅಬ್ಬರ ಜಾಸ್ತಿ. ನಡುವೆ ಕಥೆ ಸುಮ್ನೆ ಸುತ್ತುತ್ತದೆ. ಸುಮಾರು 17.5 ಕೋಟಿ ಡಾಲರ್ ಖರ್ಚಾಗಿತ್ತು, ಆ ಕಾಲಕ್ಕೆ ಅದು ಅತಿ ದುಬಾರಿ ಸಿನಿಮಾ.

ಆದರೆ ಅದರ ಶುರು ನೋಡಿ. ನಾಯಕ ಒಂದು ಪಾತ್ರೆಯಲ್ಲಿ ಮೂತ್ರ ಮಾಡುತ್ತಾನೆ. ಅದನ್ನು ಕೊಳವೆಗಳಿರುವ ಒಂದು ಯಂತ್ರಕ್ಕೆ ಸುರಿದು ಹಿಡಿ ತಿರುಗಿಸುತ್ತಾನೆ. ಕೆಳಗೆ ನೀರು ಬರುತ್ತದೆ, ಕುಡಿಯುತ್ತಾನೆ. ಕೊನೆಯ ಗುಟುಕನ್ನು ಬಾಯಿ ಮುಕ್ಕಳಿಸಿ ಪುಟ್ಟ ನಿಂಬೆ ಗಿಡಕ್ಕೆ ಉಗಿಯುತ್ತಾನೆ. ಸುತ್ತ ಸಮುದ್ರ, ಕುಡಿಯಲು ಹನಿ ನೀರಿಲ್ಲ. ಮಾತೇ ಬೇಕಾಗಲಿಲ್ಲ, ಅಲ್ವಾ? ಅದಕ್ಕೂ ಮೊದಲು ಬರುವ ನಿರೂಪಣೆಯ ದನಿಯನ್ನು ತೆಗೆದುಹಾಕಿದ್ದರೂ ನಷ್ಟವಿರಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಅಲೆಮಾರಿ ಅದೇ ನಿಂಬೆಹಣ್ಣು ಕದಿಯುತ್ತಾನೆ. ಅದು ಎಷ್ಟು ದೊಡ್ಡ ಕಳ್ಳತನ ಅಂತ ನಮಗೆ ಆಗಲೇ ಗೊತ್ತು. ಚಿತ್ರಕಥೆ ಬರೆದ ಪೀಟರ್ ರೇಡರ್, ಡೇವಿಡ್ ಟ್ವೋಹಿ ಒಂದು ಕಡೆ, ಕಲಾ ವಿನ್ಯಾಸಕ ಡೆನ್ನಿಸ್ ಗ್ಯಾಸ್ನರ್ ಇನ್ನೊಂದು ಕಡೆ. ಯಾರ ಕೆಲಸ ಎಲ್ಲಿ ಮುಗಿಯಿತು ಅಂತ ಇಲ್ಲಿ ಹೇಳಲಾಗದು. ಅದೇ ನನಗೆ ಇಷ್ಟ. ಮಣ್ಣೇ ಹಣವಾಗಿರುವ ದೃಶ್ಯವೂ ಹಾಗೆಯೇ.

ಎರಡು ಬೇಸಿಗೆಗಳ ಹಿಂದೆ ಗೆಳೆಯರ ಕಿರುಚಿತ್ರವೊಂದಕ್ಕೆ ಕೆಲಸ ಮಾಡಿದೆ. ಟ್ಯಾಂಕರ್ ನೀರಿಗೆ ಕಾಯುವ ಒಬ್ಬ ಅಜ್ಜಿಯ ಕಥೆ. ಚಿತ್ರಕಥೆಯಲ್ಲಿ ಅಜ್ಜಿ ಪಕ್ಕದ ಮನೆಯವಳ ಹತ್ತಿರ ನೀರಿನ ಕಷ್ಟವನ್ನು ಅರ್ಧ ಪುಟ ಹೇಳಿಕೊಳ್ಳುತ್ತಿದ್ದಳು. ನನ್ನ ಪಟ್ಟಿಯಲ್ಲಿ ಇದ್ದದ್ದು ‘ಪ್ಲಾಸ್ಟಿಕ್ ಕೊಡ, 1’.

ಅಂಗಡಿಯಿಂದ ನೀಲಿ ಕೊಡ ತಂದೆ. ಕ್ಯಾಮೆರಾದಲ್ಲಿ ಅದು ಹೊಸದಾಗಿ ಮಿನುಗುತ್ತಿತ್ತು. ಸುಮ್ನೆ ಮಸಿ ಬಳಿದರೆ ಕೊಳಕಾಗುತ್ತದೆ, ಹಳೆಯದಾಗುವುದಿಲ್ಲ. ಹಾಗಾಗಿ ಮೊದಲು ಕೊಡದ ಕಥೆ ಬರೆದುಕೊಂಡೆ: ಎಷ್ಟು ವರ್ಷದ್ದು, ಎಲ್ಲಿ ಇಡುತ್ತಾಳೆ, ಯಾವಾಗ ಒಡೆಯಿತು. ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ತಳ ಸವೆದಿರಬೇಕು, ಅಲ್ಲಿ ಒರಟು ಉಪ್ಪುಕಾಗದ ಹಾಕಿ ಉಜ್ಜಿದೆ. ಸೊಂಟಕ್ಕೆ ತಾಗುವ ಕಡೆ ನಯವಾದದ್ದು ಹಾಕಿ ಹೊಳಪು ಇಳಿಸಿದೆ. ಕಂದು ಬಣ್ಣವನ್ನು ತೆಳುವಾಗಿ ಬಳಿದು ಕೂಡಲೇ ಬಟ್ಟೆಯಲ್ಲಿ ಒರೆಸಿದೆ. ಗೀರುಗಳಲ್ಲಿ ಮಾತ್ರ ಬಣ್ಣ ಉಳಿಯಿತು.

ಆಮೇಲೆ ತೇಪೆ. ನಮ್ಮ ಕಡೆ ಒಡೆದ ಕೊಡಕ್ಕೆ ಬೇರೆ ಪ್ಲಾಸ್ಟಿಕ್ ತುಂಡು ಇಟ್ಟು, ಕಾಯಿಸಿದ ಕಬ್ಬಿಣದಲ್ಲಿ ಕರಗಿಸಿ ಅಂಟಿಸುತ್ತಾರೆ. ಮುಕ್ಕಾಲು ಎತ್ತರದಲ್ಲಿ ಒಂದು ಬಿರುಕು ಮಾಡಿ ಹಸಿರು ತುಂಡು ಹಾಕಿದೆ. ನೀರು ತುಂಬಿ ನೋಡಿದರೆ ತೇಪೆ ಸೋರುತ್ತಿತ್ತು. ಸರಿಮಾಡಲು ಕೂತವನು ಕೈ ನಿಲ್ಲಿಸಿದೆ. ಸೋರಿದರೆ ಅಜ್ಜಿ ಅಲ್ಲಿಯವರೆಗೆ ಮಾತ್ರ ನೀರು ಹಿಡಿಯಬೇಕು. ಅಂದರೆ ಎಲ್ಲರಿಗಿಂತ ಒಂದು ಸಲ ಜಾಸ್ತಿ ಸಾಲಿನಲ್ಲಿ ನಿಲ್ಲಬೇಕು!

ರಾತ್ರಿಯೇ ನಿರ್ದೇಶಕನಿಗೆ ಫೋನ್ ಮಾಡಿದೆ. ಅವನು ಆ ಅರ್ಧ ಪುಟ ಮಾತು ಹೊಡೆದುಹಾಕಿದ. ನಾನು ಸುಣ್ಣಕ್ಕೆ ಫೆವಿಕಾಲ್ ಬೆರೆಸಿ, ಬೋರ್‌ವೆಲ್ ನೀರಿನ ಬಿಳಿ ಕಲೆಯನ್ನು ಕೊಡದ ಒಳಗೆ ತೇಪೆಯ ಮಟ್ಟದವರೆಗೆ ಮಾತ್ರ ಬಳಿದೆ. ಮೇಲಿನಿಂದ ತೆಗೆದ ಒಂದೇ ಶಾಟ್‌ನಲ್ಲಿ ಆ ಗೆರೆ ಕಾಣುತ್ತದೆ.

ಚಿತ್ರೀಕರಣದ ದಿನ ಅಜ್ಜಿಯ ಪಾತ್ರ ಮಾಡಿದವರು ಕೊಡವನ್ನು ಒಂದು ಸಲ ತಿರುಗಿಸಿ ನೋಡಿದರು. ಏನೂ ಕೇಳಲಿಲ್ಲ. ನೀರು ತುಂಬಿದ ಮೇಲೆ ತೇಪೆಯ ಭಾಗವನ್ನೇ ಸೊಂಟಕ್ಕೆ ಒತ್ತಿ ಹಿಡಿದು ನಡೆದರು. ಮನೆ ಬಾಗಿಲು ಮುಟ್ಟುವಾಗ ಸೀರೆಯ ಆ ಒಂದು ಕಡೆ ಮಾತ್ರ ಒದ್ದೆಯಾಗಿತ್ತು.