ಕಣ್ಣಿಗೆ ಹೊಟ್ಟು ಬಿದ್ದು ಹುಣ್ಣಾದರೆ: ಹನಿ ಹಾಕುವ ಕ್ರಮ

ಸುಗ್ಗಿಯಲ್ಲಿ ಹಾಸನದ ಹತ್ತಿರದ ದುದ್ದದ ಕಡೆ ಬೈಕಿನಲ್ಲಿ ಹೋದವರಿಗೆ ಗೊತ್ತು, ಡಾಂಬರು ರಸ್ತೆಯೇ ಕಣ. ಹುರುಳಿ, ರಾಗಿ ಹರಡಿರುತ್ತಾರೆ. ಮುಂದಿನ ಬಸ್ಸು ಎಬ್ಬಿಸಿದ ಹೊಟ್ಟು ನೇರ ಕಣ್ಣಿಗೆ. ಸಕಲೇಶಪುರದ ತೋಟಗಳಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವವರಿಗೆ ಎಲೆ, ಕಡ್ಡಿ ಹೊಡೆಯುತ್ತದೆ. ಸಾಮಾನ್ಯವಾಗಿ ತೊಳೆದರೆ ಮುಗಿಯಿತು. ಕೆಲವರಿಗೆ ಮಾತ್ರ ನಾಲ್ಕೈದು ದಿನ ಬಿಟ್ಟು ಕಣ್ಣು ಕೆಂಪಾಗಿ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡುತ್ತದೆ. ಕಾರ್ನಿಯಾಕ್ಕೆ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ, ಫಂಗಸ್ ಹತ್ತಿದ್ದರೆ ಹೀಗಾಗುತ್ತದೆ. ಹಳೇ ಉಪ್ಪಿನಕಾಯಿಯ ಮೇಲೆ ಕಟ್ಟುವ ಬೂಷ್ಟಿನ ಸಂಬಂಧಿ ಅನ್ನಿ.

ಇದು ರೈತರ ಕಾಯಿಲೆ. 1879ರಲ್ಲಿ ಜರ್ಮನಿಯ ಥಿಯೋಡೋರ್ ಲೇಬರ್ ಇದನ್ನು ಮೊದಲು ವಿವರಿಸಿದಾಗಲೂ ರೋಗಿ ರೈತನೇ. ಕಣ್ಣಿಗೆ ಬಿದ್ದದ್ದು ಓಟ್ಸ್ ಹೊಟ್ಟು.

ಹಾಸನದ ಒಂದು ಕಣ್ಣಿನ ಕ್ಲಿನಿಕ್‌ನಲ್ಲಿ ಡಾಕ್ಟರ ಪಕ್ಕ ನಿಂತು ಕೆಲಸ ಮಾಡುವ ನನಗೆ ಒಂದು ವಿಷಯ ಬೇಜಾರು ತರಿಸುತ್ತದೆ. ಸರಿಯಾದ ಔಷಧಿ ಬರೆದುಕೊಟ್ಟಿರುತ್ತಾರೆ, ದುಡ್ಡು ಕೊಟ್ಟು ತಂದಿರುತ್ತಾರೆ, ಹಾಕುವುದು ಮಾತ್ರ ತಪ್ಪು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಶುದ್ಧ ನೀರಿನಲ್ಲಿ ತೊಳೆಯಿರಿ, ಉಜ್ಜಬೇಡಿ. ಸೆರಗಿನ ತುದಿ, ಹರಳೆಣ್ಣೆ, ಎದೆಹಾಲು, ನಾಲಿಗೆಯಿಂದ ಕಸ ತೆಗೆಯುವ ಅಜ್ಜಿ, ಯಾವುದೂ ಬೇಡ.

2. ಮರುದಿನವೂ ನೋವು, ಕೆಂಪು ಇದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ದಾರಿಯಲ್ಲಿ ಮೆಡಿಕಲ್ ಶಾಪ್ ಸಿಗುತ್ತದೆ, ಒಳಗೆ ಹೋಗಬೇಡಿ. 'ಕೆಂಪು ಕಣ್ಣಿಗೆ ಒಂದು ಡ್ರಾಪ್ಸ್ ಕೊಡಿ' ಅಂದರೆ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತದ್ದೇ ಕೈಗೆ ಬರುತ್ತದೆ. ಲೇಬಲ್ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್ ಅಂತ ಇದ್ದರೆ ಅದೇ. ಎರಡು ದಿನ ಕೆಂಪು ಇಳಿಯುತ್ತದೆ, ನೋವು ಹೋಗುತ್ತದೆ. ಒಳಗೆ ಫಂಗಸ್ಸಿಗೆ ಹಬ್ಬ. ಈಗಾಗಲೇ ಹಾಕಿಬಿಟ್ಟಿದ್ದರೆ ಮುಚ್ಚಿಡದೆ ಆ ಬಾಟಲಿಯನ್ನೇ ತಂದು ತೋರಿಸಿ. ಬೈದರೆ ಬೈಸಿಕೊಳ್ಳಿ.

3. ಪರೀಕ್ಷೆಗಾಗಿ ಹುಣ್ಣನ್ನು ಕೆರೆಯಲು ಡಾಕ್ಟರಿಗೆ ಒಪ್ಪಿಗೆ ಕೊಡಿ. 'ಕಣ್ಣನ್ನು ಬ್ಲೇಡಿನಿಂದ ಕೆರೀತಾರಂತೆ' ಅಂತ ಎದ್ದುಹೋದವರನ್ನು ನೋಡಿದ್ದೇನೆ. ಮರಗಟ್ಟುವ ಹನಿ ಹಾಕಿಯೇ ಕೆರೆಯುತ್ತಾರೆ, ಸಿಕ್ಕ ಚೂರನ್ನು ಸ್ಲೈಡಿಗೆ ಸವರಿ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕಬ್ಬಿನ ಹಾಗೆ ಗೆಣ್ಣು ಗೆಣ್ಣಾಗಿ ಕವಲೊಡೆದ ಎಳೆಗಳು ಕಂಡರೆ ಫಂಗಸ್. ಅರ್ಧ ಗಂಟೆಯೊಳಗೆ ಗೊತ್ತಾಗುವ ಕೆಲಸ. ಯಾವ ಜಾತಿ ಎಂದು ತಿಳಿಯಲು ಕಲ್ಚರ್ ಬೇಕು, ಅಂದರೆ ಆ ಚೂರಿನಿಂದ ಫಂಗಸ್ಸನ್ನು ಬೆಳೆಸಿ ನೋಡಬೇಕು, ಅದಕ್ಕೆ ದಿನಗಳು ಹಿಡಿಯುತ್ತವೆ. ನಮ್ಮ ದಕ್ಷಿಣದಲ್ಲಿ ಜಾಸ್ತಿ ಸಿಗುವುದು ಫ್ಯುಸೇರಿಯಂ ಮತ್ತು ಆಸ್ಪರ್ಜಿಲಸ್. ಅಪರೂಪಕ್ಕೆ ಕರ್ವುಲೇರಿಯಾದಂಥವು, ಅವಕ್ಕೆ ಕಂದು ಬಣ್ಣ.

ಕೆರೆಯುವಾಗ ಹಾಕಿದ ಹನಿಯಿಂದ ನೋವು ಮಾಯವಾಗುತ್ತದಲ್ವಾ, 'ಅದನ್ನೇ ಮನೆಗೂ ಕೊಡಿ ಸಾರ್' ಅಂತ ಕೇಳುತ್ತಾರೆ. ಕೊಡುವುದಿಲ್ಲ. ಅದನ್ನು ದಿನಾ ಹಾಕಿದರೆ ಗಾಯವೇ ಮಾಯುವುದಿಲ್ಲ.

4. ಈಗ ಹನಿ. ಸಾಮಾನ್ಯವಾಗಿ ಬರೆದುಕೊಡುವುದು ಶೇಕಡ 5ರ ನಟಮೈಸಿನ್. ಇದು ನೀರಿನಲ್ಲಿ ಕರಗದ ಫಂಗಸ್ ಔಷಧಿ. ಬಾಟಲಿ ನಿಂತಲ್ಲೇ ನಿಂತರೆ ಸುಣ್ಣದ ನೀರಿನಲ್ಲಾಗುವ ಹಾಗೆ ಬಿಳಿ ಕೆಳಗೆ ಕೂರುತ್ತದೆ. ಅರಸೀಕೆರೆ ಕಡೆಯ ಒಬ್ಬರು ವಾರವಿಡೀ ತಪ್ಪದೆ ಹಾಕಿ, ಹುಣ್ಣು ದೊಡ್ಡದಾಯಿತು ಅಂತ ಬಂದರು. ಬಾಟಲಿ ಬೆಳಕಿಗೆ ಹಿಡಿದೆ. ತಳದಲ್ಲಿ ಬೆರಳು ದಪ್ಪ ಬಿಳಿ ಹಾಗೇ ಇತ್ತು. ಅವರು ಹಾಕಿದ್ದು ಮೇಲಿನ ನೀರು. ಪ್ರತಿ ಸಲವೂ ಕುಲುಕಿ, ತಳ ನೋಡಿ, ಆಮೇಲೆ ಮುಚ್ಚಳ ತೆಗೆಯಿರಿ.

ಕೈ ಸೋಪಿನಲ್ಲಿ ತೊಳೆಯಿರಿ. ರೋಗಿಯನ್ನು ಮಲಗಿಸಿ. ಕೂತು ಹಾಕಿಕೊಂಡರೆ ಅರ್ಧ ಕೆನ್ನೆಗೆ ಹೋಗುತ್ತದೆ. ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಎಳೆದರೆ ಜೇಬಿನ ಹಾಗೆ ತೆರೆಯುತ್ತದೆ. ಮೇಲೆ ನೋಡಲು ಹೇಳಿ ಜೇಬಿಗೆ ಒಂದೇ ಹನಿ ಬಿಡಿ. ಕಣ್ಣಿನಲ್ಲಿ ಆ ಒಂದು ಹನಿಗೇ ಪೂರ್ತಿ ಜಾಗವಿಲ್ಲ, ಎರಡನೆಯದು ಸುಮ್ನೆ ದಂಡ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆತ್ತಗೆ ಒತ್ತಿಹಿಡಿಯಿರಿ. ಇಲ್ಲದಿದ್ದರೆ ಔಷಧಿ ಮೂಗಿಗೆ ಇಳಿದುಹೋಗುತ್ತದೆ. ಬೇರೆ ಹನಿಯೂ ಇದ್ದರೆ ನಡುವೆ 5 ನಿಮಿಷ ಬಿಡಿ.

ಮೊದಲ ದಿನಗಳಲ್ಲಿ ಗಂಟೆಗೊಂದು ಸಲ ಹಾಕಲು ಹೇಳುವುದೇ ಹೆಚ್ಚು. ರಾತ್ರಿಯೂ ಹಾಕಬೇಕೇ ಎಂದು ಡಾಕ್ಟರನ್ನೇ ಕೇಳಿಕೊಳ್ಳಿ. ಈ ಕೆಲಸಕ್ಕೆ ಮನೆಯಲ್ಲಿ ಒಬ್ಬರೇ ಜವಾಬ್ದಾರಿ ತಗೊಳ್ಳಿ. ಮಗ ಹಾಕಿರುತ್ತಾನೆ ಅಂತ ಸೊಸೆ, ಸೊಸೆ ಹಾಕಿರುತ್ತಾಳೆ ಅಂತ ಮಗ, ಹೀಗೆ ಮಧ್ಯಾಹ್ನವೆಲ್ಲ ಖಾಲಿ ಹೋಗುತ್ತದೆ. ಮೊಬೈಲ್ ಅಲಾರಂಗಿಂತ ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ಹಾಕಿದ ಗೀಟನ್ನೇ ನಾನು ನಂಬುತ್ತೇನೆ. 5 ಎಂಎಲ್ ಬಾಟಲಿಯಲ್ಲಿ ಹೆಚ್ಚೂಕಡಿಮೆ 100 ಹನಿ ಇರುತ್ತದೆ, ಈ ಲೆಕ್ಕದಲ್ಲಿ ವಾರ ಬರುವುದಿಲ್ಲ. ಹಳ್ಳಿಯ ಅಂಗಡಿಗಳಲ್ಲಿ ಸಿಗುತ್ತದೆ ಎಂಬ ಭರವಸೆ ಬೇಡ, ಎರಡು ಒಟ್ಟಿಗೇ ತಂದಿಡಿ.

ರೆಪ್ಪೆಯ ಅಂಚಿನಲ್ಲಿ ಬಿಳಿ ಪುಡಿ ನಿಂತರೆ ಕೀವು ಅಂತ ಗಾಬರಿ ಬೀಳಬೇಡಿ, ಔಷಧಿಯೇ ಅದು. ಅಟ್ರೋಪಿನ್ ಎಂಬ ಹನಿ ಕೊಟ್ಟಿದ್ದರೆ ಪಾಪೆ ಅಗಲವಾಗಿ ಬೆಳಕು ಚುಚ್ಚುತ್ತದೆ, ಮಂಜು ಮಂಜು ಕಾಣುತ್ತದೆ. ಅದು ಒಳಗಿನ ನೋವಿಗೆ ಕೊಟ್ಟದ್ದು, ನಿಲ್ಲಿಸಬೇಡಿ. ಕಪ್ಪು ಕನ್ನಡಕ ಹಾಕಿ. ಬಟ್ಟೆ ಕಟ್ಟಿ ಕಣ್ಣು ಮುಚ್ಚಬೇಡಿ, ಬೆಚ್ಚಗಿನ ಜಾಗ ಫಂಗಸ್ಸಿಗೆ ಇಷ್ಟ.

ಪಟ್ಟಣದಲ್ಲಿರುವ ನೆಂಟರು 'ವೋರಿಕೊನಜೋಲ್ ಹೊಸದು, ಅದನ್ನೇ ಕೇಳಿ' ಅನ್ನುತ್ತಾರೆ. ಮಧುರೆಯ ಅರವಿಂದ್ ಕಣ್ಣಾಸ್ಪತ್ರೆಯವರೂ ಸೇರಿ ಎರಡನ್ನೂ ಹೋಲಿಸಿ ನೋಡಿದ್ದರು. 2013ರಲ್ಲಿ ಫಲಿತಾಂಶ ಬಂತು: ಹನಿಯ ರೂಪದಲ್ಲಿ ಹಳೆಯ ನಟಮೈಸಿನ್ನೇ ಮೇಲು, ಫ್ಯುಸೇರಿಯಂಗಂತೂ ಎದ್ದು ಕಾಣುವಷ್ಟು. ಹುಣ್ಣು ಆಳಕ್ಕಿಳಿದಿದ್ದರೆ ಡಾಕ್ಟರೇ ಬೇರೆಯದನ್ನು ಸೇರಿಸುತ್ತಾರೆ.

5. ಹೇಳಿದ ದಿನ ಮತ್ತೆ ತೋರಿಸಿ. ನೋವು ಹೋಯಿತು ಅಂತ ಹತ್ತನೇ ದಿನಕ್ಕೆ ನಿಲ್ಲಿಸಬೇಡಿ, ಇದು ವಾರಗಟ್ಟಲೆ ನಡೆಯುವ ಚಿಕಿತ್ಸೆ. ವಾಸಿಯಾದ ಮೇಲೂ ಹೂ (ಬಿಳಿ ಕಲೆ) ಉಳಿಯಬಹುದು.

ಎಲ್ಲ ಸರಿಯಾಗಿ ಹಾಕಿದರೂ ಹುಣ್ಣು ಹರಡುತ್ತಲೇ ಇದ್ದರೆ ಪಿಥಿಯಂ ನೆನಪಿಗೆ ಬರಬೇಕು. ಕೆರೆ, ಗದ್ದೆ ನೀರಿನಲ್ಲಿರುವ ಜೀವಿ. ನೋಡಲು ಥೇಟ್ ಫಂಗಸ್, ಜಾತಿಯೇ ಬೇರೆ, ಹಾಗಾಗಿ ಫಂಗಸ್ ಔಷಧಿಗೆ ಬಗ್ಗುವುದಿಲ್ಲ. ಇದಕ್ಕೆ ಲಿನೆಜೋಲಿಡ್, ಅಜಿತ್ರೋಮೈಸಿನ್ ಬಳಸುತ್ತಾರೆ, ಹಲವರಿಗೆ ಕಾರ್ನಿಯಾ ಬದಲಿಸಬೇಕಾಗುತ್ತದೆ. ಗದ್ದೆ ನೀರು ಕಣ್ಣಿಗೆ ಸಿಡಿದಿದ್ದರೆ ಮೊದಲ ದಿನವೇ ಹೇಳಿ.

ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೋ ಬೇರೆ ಕಡೆಗೋ ಬರೆದುಕೊಟ್ಟರೆ ಸ್ಲೈಡಿನ ರಿಪೋರ್ಟ್, ಕಲ್ಚರ್ ರಿಪೋರ್ಟ್, ಹಾಕಿದ ಎಲ್ಲ ಬಾಟಲಿಗಳನ್ನು ಒಂದು ಕವರಿಗೆ ಹಾಕಿಕೊಳ್ಳಿ. ದಾರಿಯಲ್ಲೂ ಹನಿ ತಪ್ಪಬಾರದು. ಬೆಳ್ಳೂರು ಕ್ರಾಸ್‌ನಲ್ಲಿ ಬಸ್ ನಿಂತಾಗ ಹಾಕಿ, ಓಡುವ ಬಸ್ಸಿನಲ್ಲಿ ಬಾಟಲಿಯ ತುದಿ ಕಣ್ಣಿಗೇ ಚುಚ್ಚೀತು.