ಕರಾವಳಿಯ ಶೆಡ್‌ನಲ್ಲಿ ಕಾಯಿಲ್ ಸ್ಲಿಟಿಂಗ್: ಬಿಚ್ಚುವ ಮೊದಲೇ ಅರ್ಧ ಕೆಲಸ

ಕಾಯಿಲ್ ಸ್ಲಿಟಿಂಗ್ ಎಂದರೆ ಸುರುಳಿ ಸುತ್ತಿದ ತಗಡನ್ನು ಬಿಚ್ಚಿ ಉದ್ದಕ್ಕೂ ಕಿರಿದಾದ ಪಟ್ಟಿಗಳಾಗಿ ಸೀಳುವುದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆಯಿಂದ ಶಿರಾಡಿ ಘಾಟಿ ಇಳಿದು ನಸುಕಿಗೆ ಮಂಗಳೂರಿನ ಬೈಕಂಪಾಡಿ ಸೇರುವ ಜಿಐ (ಸತು ಲೇಪಿಸಿದ ಉಕ್ಕಿನ ತಗಡು) ಕಾಯಿಲ್‌ನಲ್ಲಿ ಘಟ್ಟದ ತಂಪು ಇನ್ನೂ ಉಳಿದಿರುತ್ತದೆ. ಆಗಲೇ ಪ್ಯಾಕಿಂಗ್ ಹರಿದರೆ ಇಲ್ಲಿನ ತೇವದ ಗಾಳಿ ತಗಲಿ ಬೆವರುತ್ತದೆ. ಸುತ್ತುಗಳ ನಡುವೆ ಇಳಿದ ನೀರು ಗಾಳಿಯಾಡದೆ ಅಲ್ಲೇ ನಿಂತು ಬಿಳಿ ತುಕ್ಕು ಹಿಡಿಸುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಂತೂ ಪ್ಯಾಕಿಂಗ್ ಸಮೇತ ಒಂದಿಡೀ ದಿನ ಒಳಗೆ ಬಿಡಿ. ಕಾಯಿಲನ್ನು ಮರದ ದಿಮ್ಮಿಯ ಮೇಲೆ ಇಡಬೇಕು, ಸಮುದ್ರದ ಕಡೆಯ ಶಟರ್‌ನಿಂದ ದೂರ. ಒದ್ದೆಯಾಗಿಯೇ ಬಂದಿದ್ದರೆ ಮಾತ್ರ ಕಾಯುವುದು ತಪ್ಪು. ಅದನ್ನು ಮೊದಲು ಸೀಳುವ ಲೈನಿಗೆ ಹಾಕಿ, ಬಿಚ್ಚಿ ಒಣಗಿಸಿ.

ಇನ್ನು ಲೆಕ್ಕ. 1 ಮಿ.ಮೀ. ದಪ್ಪದ ಉಕ್ಕು ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ. 1250 ಮಿ.ಮೀ. ಅಗಲ, 0.8 ಮಿ.ಮೀ. ದಪ್ಪದ ಕಾಯಿಲ್ ಮೀಟರ್ ಉದ್ದಕ್ಕೂ ಅಷ್ಟೇ ತೂಗುವುದರಿಂದ 5 ಟನ್ನಿನಲ್ಲಿ ಸುಮಾರು 637 ಮೀಟರ್ ಸಿಗುತ್ತದೆ. 205 ಮಿ.ಮೀ.ನ ಆರು ಪಟ್ಟಿ ಬೇಕೆಂದರೆ 1230 ಹೋಗಿ, ಎರಡೂ ಅಂಚಿಗೆ 10 ಮಿ.ಮೀ. ಟ್ರಿಮ್ (ಕತ್ತರಿಸಿ ತೆಗೆಯುವ ಅಂಚು) ಉಳಿಯುತ್ತದೆ. ಟ್ರಿಮ್ ಉಳಿಸುವ ಆಸೆಗೆ ಬಿದ್ದು ಇದನ್ನು 2-3 ಮಿ.ಮೀ.ಗೆ ಇಳಿಸಿದರೆ ಆ ತೆಳ್ಳನೆಯ ಅಂಚು ತುಂಡಾಗಿ ಬ್ಲೇಡಿಗೆ ಸುತ್ತಿಕೊಂಡು ಲೈನ್ ನಿಲ್ಲುತ್ತದೆ.

ಬ್ಲೇಡ್ ಜೋಡಣೆಗೆ ಅವಸರ ಮಾಡಬೇಡಿ. ಸಾದಾ ಉಕ್ಕಿಗೆ ಮೇಲಿನ ಮತ್ತು ಕೆಳಗಿನ ಬ್ಲೇಡಿನ ಅಡ್ಡ ಅಂತರ ದಪ್ಪದ ಶೇ. 10ರ ಆಸುಪಾಸಿನಿಂದ ಶುರು ಮಾಡಬಹುದು, 0.8ಕ್ಕೆ 0.08. ಆಗ 205ರ ಪಟ್ಟಿಗೆ ಮೇಲಿನ ಶಾಫ್ಟಿನಲ್ಲಿ 10 ಮಿ.ಮೀ.ನ ಎರಡು ಬ್ಲೇಡ್, ನಡುವೆ 185ರ ಸ್ಪೇಸರ್ (ಅಂತರ ಹಿಡಿಯುವ ಉಂಗುರ). ಕೆಳಗಿನ ಜೋಡಿಯ ನಡುವಿನ ಖಾಲಿ ಜಾಗ, ಎರಡೂ ಬದಿಯ 0.08 ಸೇರಿ, 205.16. ಪಕ್ಕದ ಪಟ್ಟಿಗೆ ಇದೇ ಕ್ರಮ ತಲೆಕೆಳಗು. ಸ್ಪೇಸರ್ ಮೇಲೆ ಒಂದು ಲೋಹದ ಚೂರು ಕೂತಿದ್ದರೂ ಮುಂದಿನ ಅಂತರವೆಲ್ಲ ಕೆಡುತ್ತದೆ, ಒಂದೊಂದನ್ನೂ ಒರೆಸಿಯೇ ಏರಿಸಿ.

ಕಾಯಿಲ್ ಬಿಗಿದ ಪ್ಯಾಕಿಂಗ್ ಪಟ್ಟಿ ಕತ್ತರಿಸುವ ಮೊದಲು ಒತ್ತುರೋಲರ್ ಕೆಳಗಿಳಿದಿರಲಿ, ನೀವು ಪಕ್ಕಕ್ಕೆ ನಿಂತಿರಿ. ಹೊರಸುತ್ತು ಸ್ಪ್ರಿಂಗಿನಂತೆ ಎಗರುತ್ತದೆ.

ಮೊದಲ ಎರಡು ಮೀಟರ್ ಓಡಿಸಿ ನಿಲ್ಲಿಸಿ, ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಹೊಳೆಯುವ ಭಾಗ ಮೂರರಲ್ಲೊಂದು, ಉಳಿದದ್ದು ಮಂಕಾಗಿ ಒರಟಾಗಿದ್ದರೆ ಸರಿ. ಹೊಳಪು ಎರಡು ಪಟ್ಟೆಯಾಗಿ ಕಂಡರೆ ಅಂತರ ಕಡಿಮೆ. ಅಂಚು ಉರುಳಿ, ಬೆರಳಿಗೆ ಬರ್ (ಅಂಚಿನಲ್ಲಿ ಎದ್ದ ಚೂಪು) ಸಿಕ್ಕಿದರೆ ಅಂತರ ಹೆಚ್ಚು ಅಥವಾ ಬ್ಲೇಡ್ ಮೊಂಡು. ಒಂದೇ ಪಟ್ಟಿಯಲ್ಲಿ ಬರ್ ಬಂದರೆ ಆ ಜೋಡಿಯನ್ನಷ್ಟೇ ಅನುಮಾನಿಸಿ.

ಕಾಯಿಲ್‌ನ ನಡುಭಾಗ ಅಂಚಿಗಿಂತ ಕೂದಲೆಳೆ ದಪ್ಪ. ಸೀಳಿದ ಪಟ್ಟಿಗಳನ್ನು ಮತ್ತೆ ಸುತ್ತುವಾಗ ನಡುವಿನ ಪಟ್ಟಿಗಳು ಬಿಗಿಯಾಗಿ, ಅಂಚಿನವು ಜೋಲುತ್ತವೆ. ಆ ಜೋಲನ್ನು ಹಿಡಿಯುವುದಕ್ಕೇ ನೆಲದಲ್ಲಿ ಲೂಪ್ ಗುಂಡಿ ಇರುವುದು. ಅದರ ನಂತರದ ಫೆಲ್ಟ್ ಪ್ಯಾಡ್ ಬಿಗಿ ಕೊಡುತ್ತದೆ. ಕೊಳೆಯಾದ ಫೆಲ್ಟ್ ಉದ್ದಕ್ಕೂ ಗೀರು ಎಳೆಯುತ್ತದೆ, ಬಣ್ಣದ ಶೀಟಿನಲ್ಲಿ ಇದು ನೇರ ನಷ್ಟ.

ಪಟ್ಟಿಯ ಬದಲು ಶೀಟ್ ಕತ್ತರಿಸುವುದಾದರೆ, ತಗಡನ್ನು ಚಪ್ಪಟೆ ಮಾಡುವ ಲೆವೆಲರ್‌ನ ಒಳಬರುವ ರೋಲರ್‌ಗಳನ್ನು ಆಳವಾಗಿ ಒತ್ತಿ, ಹೊರಹೋಗುವಲ್ಲಿ ಅಂತರ ದಪ್ಪಕ್ಕೆ ಸಮ ಬಿಡಿ. 2500 × 1250 ಶೀಟಿನ ಕರ್ಣ 2795 ಬರಬೇಕು. ಎರಡು ಕರ್ಣಗಳ ನಡುವೆ 3.5 ಮಿ.ಮೀ. ವ್ಯತ್ಯಾಸ ಬಂದರೆ ಕತ್ತರಿ 1250ರ ಅಗಲದಲ್ಲಿ ಸುಮಾರು 2 ಮಿ.ಮೀ. ಓರೆಯಾಗಿದೆ ಎಂದರ್ಥ. ಉದ್ದ ಮಾತ್ರ ಶೀಟಿನಿಂದ ಶೀಟಿಗೆ ಬದಲಾಗುತ್ತಿದ್ದರೆ ಕತ್ತರಿಯನ್ನು ಮುಟ್ಟಬೇಡಿ: ಅಳತೆ ಚಕ್ರ ಎಣ್ಣೆಯ ಮೇಲೆ ಜಾರುತ್ತಿರುತ್ತದೆ, ಅದನ್ನು ಒರೆಸಿ.