ಪಾಂಡಾಕ್ಕೆ ಎಷ್ಟು ಬಣ್ಣ ಬೇಕು?

ಆರು ವರ್ಷದ ಹುಡುಗನೊಬ್ಬ ನಾಲ್ಕೇ ನಿಮಿಷದಲ್ಲಿ ಹಾಳೆ ತಂದು ನನ್ನ ಮುಂದಿಟ್ಟ. "ಮಿಸ್, ಮುಗಿಯಿತು." ಕಿವಿ ಕಪ್ಪು, ಕಣ್ಣಿನ ಸುತ್ತ ಕಪ್ಪು, ನಾಲ್ಕು ಕಾಲೂ ಕಪ್ಪು, ಬಾಲವೂ ಕಪ್ಪು. ಮಿಕ್ಕದ್ದೆಲ್ಲ ಖಾಲಿ. ಅವನ ಹಿಂದೆಯೇ ಉಳಿದ ಮಕ್ಕಳೂ ಎದ್ದು ಬಂದರು. ಒಂದೂವರೆ ಗಂಟೆಗೆಂದು ಸಿದ್ಧಮಾಡಿಕೊಂಡಿದ್ದ ಕೆಲಸ ಕಾಲು ಗಂಟೆಯಲ್ಲಿ ತೀರಿಹೋಗಿತ್ತು.

ಮೈಸೂರಿನ ನಮ್ಮ ಬಡಾವಣೆಯ ವಾಚನಾಲಯದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೂ ಸಂಜೆ ದೊಡ್ಡವರಿಗೂ ಬಣ್ಣ ತುಂಬುವ ತರಗತಿ ನಡೆಸುತ್ತೇನೆ. ನವಿಲು, ಚಿಟ್ಟೆ, ದಸರೆಯ ಆನೆ ಎಲ್ಲ ಮುಗಿದ ಮೇಲೆ ಪಾಂಡಾ ಬೇಕೆಂದು ಮಕ್ಕಳೇ ಹಟ ಹಿಡಿದಿದ್ದರು. ನವಿಲಿನ ಗರಿಯೊಂದಕ್ಕೇ ಐದು ಬಣ್ಣ ಬೇಕು. ಪಾಂಡಾಕ್ಕೆ ಎರಡೇ, ಅದರಲ್ಲೂ ಒಂದು ಬಣ್ಣ ಹಾಳೆಯಲ್ಲಿ ಮೊದಲೇ ಇದೆ. ಆ ರಾತ್ರಿ ಪಾಂಡಾದ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಕುಳಿತೆ. ನಾನು ಮಕ್ಕಳ ಕೈಗೆ ಚಿತ್ರ ಕೊಟ್ಟಿದ್ದೆ, ಪ್ರಾಣಿಯನ್ನು ತೋರಿಸಿರಲಿಲ್ಲ.

ಪಾಂಡಾದ ಬಾಲ ಬಿಳಿ. ನಾನು ಬರೆದುಕೊಟ್ಟಿದ್ದ ಮಾದರಿಯಲ್ಲೇ ಅದು ಕಪ್ಪಾಗಿತ್ತು. ಮುಂಗಾಲುಗಳ ಕಪ್ಪು ಕಾಲಿನಲ್ಲಿಯೇ ನಿಲ್ಲುವುದಿಲ್ಲ, ಹೆಗಲಿನ ಮೇಲೆ ಹಾದು ಆ ಕಡೆಯ ಕಾಲಿಗೆ ಸೇರುತ್ತದೆ, ಶಾಲು ಹೊದ್ದ ಹಾಗೆ. ಕಣ್ಣಿನ ಸುತ್ತಲಿನ ಮಚ್ಚೆಯೂ ದುಂಡಗಿಲ್ಲ, ಕೆನ್ನೆಯ ಕಡೆಗೆ ಓರೆಯಾಗಿ ಇಳಿದ ಹನಿಯಂತಿದೆ. ಅದನ್ನು ದುಂಡಗೆ ಬರೆದರೆ ಪಾಂಡಾ ಕನ್ನಡಕ ಹಾಕಿಕೊಂಡಂತೆ ಕಾಣುತ್ತದೆ. ಓರೆಯಾಗಿ ಇಳಿಸಿದರೆ ಮುಖಕ್ಕೆ ಜೀವ ಬರುತ್ತದೆ.

ಮುಂದಿನ ವಾರ ಮೊದಲ ಹತ್ತು ನಿಮಿಷ ಯಾರಿಗೂ ಪೆನ್ಸಿಲ್ ಕೊಡಲಿಲ್ಲ. ದೊಡ್ಡ ಫೋಟೋವೊಂದನ್ನು ಗೋಡೆಗೆ ಅಂಟಿಸಿ, "ಎಲ್ಲೆಲ್ಲಿ ಕಪ್ಪಿದೆ, ಬೆರಳಿಟ್ಟು ತೋರಿಸಿ" ಎಂದೆ. ಬಾಲ ಬಿಳಿಯೆಂದು ಮೊದಲು ಕಂಡುಹಿಡಿದವನು ಆ ನಾಲ್ಕು ನಿಮಿಷದ ಹುಡುಗನೇ.

ಹಾಳೆಯ ವಿಷಯದಲ್ಲೂ ಪಾಠ ಕಲಿತೆ. ಅಂತರ್ಜಾಲದಿಂದ ಇಳಿಸಿಕೊಂಡ ಕೆಲವು ಚಿತ್ರಗಳಲ್ಲಿ ಕಪ್ಪು ಭಾಗ ಮೊದಲೇ ಅಚ್ಚಾಗಿರುತ್ತದೆ. ಜೆರಾಕ್ಸ್‌ನ ಆ ಹೊಳೆಯುವ ಮಸಿಯ ಮೇಲೆ ಕ್ರೆಯಾನ್ ಕೂರುವುದಿಲ್ಲ, ಮಕ್ಕಳಿಗೆ ಮಾಡಲು ಕೆಲಸವೂ ಉಳಿಯುವುದಿಲ್ಲ. ಗೆರೆ ಮಾತ್ರ ಇರುವ ಚಿತ್ರ ಬೇಕು: ಚಿಕ್ಕ ಮಕ್ಕಳಿಗೆ ದಪ್ಪ ಗೆರೆ, ದೊಡ್ಡವರಿಗೆ ಬಣ್ಣದಡಿ ಕರಗಿಹೋಗುವಷ್ಟು ತೆಳುವಾದ ಬೂದು ಗೆರೆ. ಸಾಮಾನ್ಯ ಜೆರಾಕ್ಸ್ ಹಾಳೆ ತೆಳು, ಚದರ ಮೀಟರಿಗೆ 70-75 ಗ್ರಾಂ ತೂಕದ್ದು, ಅಂದರೆ 70-75 ಜಿಎಸ್‌ಎಂ ಇರುತ್ತದೆ. ಎರಡು ಪದರ ಬಣ್ಣ ಉಜ್ಜಿದರೆ ಅದು ಜುಂಗು ಏಳುತ್ತದೆ. ನಾನು ಡ್ರಾಯಿಂಗ್ ಹಾಳೆ ಒಯ್ದು ಕೊಡುತ್ತೇನೆ, ಅಂಗಡಿಯವರು ಅದನ್ನು ಒಂದೊಂದಾಗಿ ಯಂತ್ರಕ್ಕೆ ಇಟ್ಟು ತೆಗೆದುಕೊಡುತ್ತಾರೆ.

ಇನ್ನು ಕಪ್ಪು. ಕಪ್ಪು ಪೆನ್ಸಿಲನ್ನು ಒತ್ತಿ ಒತ್ತಿ ತಿಕ್ಕಿದರೆ ಚಿತ್ರದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ನಾನು ಮೊದಲು ಕಡುನೀಲಿ ಪೆನ್ಸಿಲಿನಿಂದ, ಕೂದಲು ಯಾವ ಕಡೆಗೆ ಬಾಗಿದೆಯೋ ಆ ಕಡೆಗೆ, ಬುಡದಿಂದ ತುದಿಗೆ ಹಗುರವಾದ ಗೀರುಗಳನ್ನು ಎಳೆಯುತ್ತೇನೆ. ಅದರ ಮೇಲೆ ಕಂದು. ಕಪ್ಪು ಕಡೆಯಲ್ಲಿ, ಅದೂ ನೆರಳು ಬೀಳುವಲ್ಲಿ ಮಾತ್ರ: ಕಿವಿಯ ಬುಡ, ಕಂಕುಳು, ಮಡಿಸಿದ ಕಾಲಿನ ಒಳಗೆ. ಕಿವಿಯ ಅಂಚಿನಲ್ಲಿ ಕೂದಲೆಳೆಯಷ್ಟು ನೀಲಿಯನ್ನು ಹಾಗೆಯೇ ಬಿಟ್ಟರೆ ಅಲ್ಲಿ ಬೆಳಕು ಬಿದ್ದಂತಾಗುತ್ತದೆ. ಕಣ್ಣಿನಲ್ಲಿ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಚುಕ್ಕೆ ಉಳಿಯಲೇಬೇಕು. ಅದು ಮುಚ್ಚಿಹೋದರೆ ಕಪ್ಪು ಮಚ್ಚೆಯ ನಡುವೆ ಕಣ್ಣೇ ಕಾಣದು. ಕ್ರೆಯಾನ್ ಆದರೆ ಕಪ್ಪು ಪುಡಿ ಉದುರುತ್ತದೆ, ಅದನ್ನು ಅಂಗೈಯಿಂದ ಒರೆಸಿದರೆ ಬಿಳಿ ಹೊಟ್ಟೆಯೆಲ್ಲ ಮಸಿ. ಊದಿ ತೆಗೆಯಬೇಕು, ಕೈಯಡಿಗೆ ರದ್ದಿ ಹಾಳೆಯೊಂದನ್ನು ಇಟ್ಟುಕೊಳ್ಳಬೇಕು.

ಬಿಳಿ ಇನ್ನೂ ಕಷ್ಟ, ಅದನ್ನು ಬಳಿಯುವುದಲ್ಲ, ಉಳಿಸಿಕೊಳ್ಳುವುದು. ಪುಟ್ಟ ಮಕ್ಕಳಿಗೆ ಇದನ್ನು ಮಾತಿನಲ್ಲಿ ಹೇಳಲಾಗದು. ಪಾಂಡಾದ ಮೈಯ ಬಿಳಿ ಭಾಗಕ್ಕೆ ಬಿಳಿ ಕ್ರೆಯಾನನ್ನು ಗಟ್ಟಿಯಾಗಿ ತಿಕ್ಕಿಸಿದೆ. "ಏನೂ ಕಾಣುತ್ತಿಲ್ಲ ಮಿಸ್" ಎಂದು ಗೊಣಗಿದರು. ಆಮೇಲೆ ನೀರು ನೀರಾದ ನೀಲಿ ಜಲವರ್ಣವನ್ನು ಹಾಳೆಯ ತುಂಬ ಎಳೆಯಲು ಹೇಳಿದೆ. ಮೇಣವಿರುವಲ್ಲಿ ನೀರು ನಿಲ್ಲದೆ ಸರಿಯಿತು, ನೀಲಿಯ ನಡುವೆ ಬೆಳ್ಳನೆಯ ಪಾಂಡಾ ಎದ್ದು ಬಂತು. ಆಗ ಮಕ್ಕಳು ಹಾಕಿದ ಕೂಗಿಗೆ ಕೆಳಗೆ ಪತ್ರಿಕೆ ಓದುತ್ತಿದ್ದವರು ಮೇಲೆ ಬಂದು ನೋಡಿದರು. ಪಾಂಡಾ ಇರುವುದು ಚೀನಾದ ಸಿಚುವಾನ್, ಶಾನ್‌ಷಿ, ಗಾನ್ಸು ಪ್ರಾಂತ್ಯಗಳ ಬೆಟ್ಟಗಳಲ್ಲಿ, ಅಲ್ಲಿ ಹಿಮ ಬೀಳುತ್ತದೆ, ಹಿಮದಲ್ಲಿ ಅದರ ಬಿಳಿಯೂ ಮರದ ನೆರಳಿನಲ್ಲಿ ಅದರ ಕಪ್ಪೂ ಮರೆಯಾಗುತ್ತವೆ ಎಂದು ಆಗಲೇ ಹೇಳಿದೆ. ಹಾಳೆಯ ಮೇಲೆ ಕಂಡದ್ದನ್ನು ಬೇರೆ ವಿವರಿಸಬೇಕಾಗಲಿಲ್ಲ.

ಒಂದು ಭಾನುವಾರ ಎರಡನೇ ತರಗತಿಯ ಹುಡುಗಿಯ ಕಪ್ಪು ಕ್ರೆಯಾನ್ ಮುರಿದು ಸವೆದುಹೋಗಿತ್ತು. ಪಕ್ಕದವರನ್ನು ಕೇಳಲು ಸಂಕೋಚಪಟ್ಟು ಕಂದು ಬಣ್ಣ ಹಾಕಿದಳು. "ಕಂದು ಪಾಂಡಾ ಎಲ್ಲಿರುತ್ತದೆ?" ಎಂದು ಹುಡುಗರು ನಕ್ಕರು, ಅವಳ ಕಣ್ಣು ತುಂಬಿತು. ಇದೆ. ಶಾನ್‌ಷಿಯ ಚಿನ್‌ಲಿಂಗ್ ಬೆಟ್ಟಗಳಲ್ಲಿ ಕಂದು-ಬಿಳಿ ಪಾಂಡಾ ಮೊದಲ ಬಾರಿಗೆ ಜನರ ಗಮನಕ್ಕೆ ಬಂದದ್ದು 1985ರಲ್ಲಿ. 2009ರಲ್ಲಿ ಅಲ್ಲಿಯೇ ಸಿಕ್ಕ ಚೀಜಾಯ್ ಎಂಬ ಕಂದು ಮರಿಯನ್ನು ಸಾಕಿ ಬೆಳೆಸಿದ್ದಾರೆ. ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಎಲ್ಲರಿಗೂ ತೋರಿಸಿದೆ. ಆ ದಿನದಿಂದ ಮಗುವಿನ ಬಣ್ಣ ತಪ್ಪೆಂದು ಹೇಳುವ ಮೊದಲು ಎರಡು ಬಾರಿ ಯೋಚಿಸುತ್ತೇನೆ. ಮರಿ ಯಾವ ಬಣ್ಣದ್ದು ಎಂದು ಕೇಳಿದ್ದೂ ಅವಳೇ. ಹುಟ್ಟಿದಾಗ ಅದು ಗುಲಾಬಿ, ತೂಕ ಸುಮಾರು 100 ಗ್ರಾಂ, ಒಂದು ಸೋಪಿನಷ್ಟು. ಕಪ್ಪು ಮೂಡುವುದು ಆಮೇಲೆ. ಮುಂದಿನ ವಾರ ತರಗತಿಗೆಲ್ಲ ಗುಲಾಬಿ ಮರಿಯನ್ನೇ ಕೊಟ್ಟೆ.

ಹಿನ್ನೆಲೆಗೆ ಬಿದಿರು ಇಲ್ಲದೆ ಆಗದು. ಪಾಂಡಾ ಬಿದಿರಿನ ಎಳೆ ಮೊಳಕೆಯನ್ನು ತಿನ್ನುತ್ತದೆ ಎಂದಾಗ, "ಕಳಲೆಯಾ? ನಮ್ಮಜ್ಜಿ ನೀರಿನಲ್ಲಿ ನೆನೆಹಾಕಿ ಪಲ್ಯ ಮಾಡುತ್ತಾರೆ" ಎಂದು ಸಕಲೇಶಪುರ ಕಡೆಯ ಹುಡುಗ ಎದ್ದುನಿಂತ. ಅವನ ಚಿತ್ರದಲ್ಲಿ ಪಾಂಡಾಕ್ಕಿಂತ ಕಳಲೆಯೇ ದೊಡ್ಡದಾಗಿತ್ತು, ಸಿಪ್ಪೆಯ ಪದರ ಪದರವೂ ಬೇರೆ ಬೇರೆ ಹಸಿರು.

ನಮ್ಮ ದೇಶದಲ್ಲಿ ಪಾಂಡಾ ಇಲ್ಲವೇ ಎಂದವರಿಗೆ ಕೆಂಪು ಪಾಂಡಾ ಕೊಡುತ್ತೇನೆ. ಸಿಕ್ಕಿಂನ ರಾಜ್ಯಪ್ರಾಣಿ ಅದು, ಅರುಣಾಚಲದಲ್ಲೂ ಡಾರ್ಜಿಲಿಂಗ್ ಬೆಟ್ಟಗಳಲ್ಲೂ ಇದೆ. ಕರಡಿಯ ಜಾತಿಯಲ್ಲ, ಅದರ ಕುಟುಂಬವೇ ಬೇರೆ. ಪಾಂಡಾ ಎಂಬ ಹೆಸರು ಮೊದಲು ಸಿಕ್ಕಿದ್ದು ಇದಕ್ಕೇ. ಬೆನ್ನು ಇಟ್ಟಿಗೆಗೆಂಪು, ಹೊಟ್ಟೆ ಮತ್ತು ಕಾಲು ಕಪ್ಪು, ಬಾಲದಲ್ಲಿ ಬಳೆ ಬಳೆ. ಬಣ್ಣ ಹಾಕುವವರಿಗೆ ಹಬ್ಬ.

ಸಂಜೆಯ ತರಗತಿಯ ಕಥೆ ಬೇರೆ. ಮಕ್ಕಳಿಗೆ ಅವಸರ, ದೊಡ್ಡವರಿಗೆ ಹೆದರಿಕೆ. "ಹಾಳಾದರೆ?" ಎನ್ನುತ್ತಾ ಹಾಳೆಯನ್ನು ಮುಟ್ಟದೆ ಕೂರುವವರಿಗೆ ಪೋಸ್ಟ್‌ಕಾರ್ಡ್ ಅಳತೆಯ ಚಿತ್ರ ಕೊಡುತ್ತೇನೆ, ಒಂದು ಮುಖ, ಅಷ್ಟೇ. ಬಿದಿರು ಮೆಳೆಯ ನಡುವೆ ಕುಳಿತ ಪಾಂಡಾದಂಥ ದೊಡ್ಡ ಚಿತ್ರಕ್ಕೆ ಮೂರು ಭಾನುವಾರ ಬೇಕು, ಅದು ಆಮೇಲೆ.

ನಮ್ಮ ಅತ್ತೆ ಬಹಳ ದಿನ ಬರಲೊಪ್ಪಲಿಲ್ಲ. ಎಪ್ಪತ್ತೆಂಟು ವರ್ಷ, ಕೈ ನಡುಗುತ್ತದೆ. ಅಂಗಳದಲ್ಲಿ ದಿನವೂ ರಂಗೋಲಿ ಎಳೆಯುತ್ತಿದ್ದ ಕೈ ಅದು, ಎಳೆ ನೆಟ್ಟಗೆ ಬಾರದೆಂದು ಬಿಟ್ಟೇಬಿಟ್ಟಿದ್ದರು. "ಗೆರೆ ನಾನು ಹಾಕಿಕೊಟ್ಟಿದ್ದೇನೆ ಅಮ್ಮ, ನೀವು ಕೂದಲು ಮಾತ್ರ ಎಳೆಯಿರಿ" ಎಂದೆ. ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟೆ. ಹೆಗಲಿನ ಕಪ್ಪಿನಿಂದ ಶುರುಮಾಡಿದರು. ನನ್ನ ಗೀರುಗಳು ಬಾಚಿದಂತೆ ಸಾಲಾಗಿ ಬೀಳುತ್ತವೆ. ಅವರ ಗೀರುಗಳು ಒಂದು ಉದ್ದ, ಒಂದು ಗಿಡ್ಡ, ಒಂದು ತುದಿಯಲ್ಲಿ ಸೊಟ್ಟ, ನಿಜವಾದ ತುಪ್ಪಳದ ಹಾಗೆಯೇ. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟರು ಬಗ್ಗಿ ನೋಡಿ, "ಇದನ್ನು ಹೇಗೆ ಎಳೆದಿರಿ ಅಮ್ಮ, ನನಗೂ ಹೇಳಿಕೊಡಿ" ಎಂದರು. ಅತ್ತೆ ಒಂದು ಕ್ಷಣ ತಮ್ಮ ಕೈ ನೋಡಿಕೊಂಡರು. ಆಮೇಲೆ ಅವರ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಮೂಲೆಯಲ್ಲಿ ನಾಲ್ಕು ಗೀರು ಎಳೆದು ತೋರಿಸಿದರು.